ಆಸ್ಕರ್ ಟ್ಯಾಂಕಿನಲ್ಲಿ ಜೊತೆ ಮೀನು ಉಳಿಯುತ್ತಿಲ್ಲವೇ? ಗಾಯ ನೋಡಿ ಕಾರಣ ಹಿಡಿಯಿರಿ

ಆಸ್ಕರ್ ಎಂಬ ದೊಡ್ಡ ಅಕ್ವೇರಿಯಂ ಮೀನು ಸಾಕುವವರ ದೂರು ಸಾಮಾನ್ಯವಾಗಿ ಒಂದೇ: "ಜೊತೆಗೆ ಏನು ಬಿಟ್ಟರೂ ಉಳಿಯಲ್ಲ." ಒಂದು ಸತ್ತರೆ ಅಂಗಡಿಯಿಂದ ಇನ್ನೊಂದು ಬರುತ್ತದೆ, ಅದೂ ಹೋಗುತ್ತದೆ, ಕೊನೆಗೆ ಎಲ್ಲ ತಪ್ಪೂ ಆಸ್ಕರ್ ತಲೆಗೇ ಬೀಳುತ್ತದೆ. ಆದರೆ ಸಿಚ್ಲಿಡ್ ಎಂಬ ಮೀನು ಕುಟುಂಬಕ್ಕೆ ಸೇರಿದ ಅಮೆರಿಕ ಖಂಡದ ದೊಡ್ಡ ಮೀನುಗಳ ಪೈಕಿ ಆಸ್ಕರ್ ಅಷ್ಟೇನೂ ಕ್ರೂರಿಯಲ್ಲ. ಬಾಯಿ ದೊಡ್ಡದು, ಬೆಳವಣಿಗೆ ವೇಗ, ಹೊಲಸು ಮಾಡುವುದು ಜಾಸ್ತಿ. ಜೊತೆ ಮೀನು ಸಾಯುವುದು ಹೆಚ್ಚಾಗಿ ಈ ಮೂರರಿಂದ, ಜಗಳದಿಂದ ಸಾಯುವುದು ಕಡಿಮೆ. ಕಾರಣ ಯಾವುದೆಂದು ಖಚಿತವಾಗುವವರೆಗೆ ಹೊಸ ಮೀನು ತರಬೇಡಿ. ಪತ್ತೆ ಹಚ್ಚುವ ಕೆಲಸವನ್ನು ಕೆಳಗಿನ ಕ್ರಮದಲ್ಲೇ ಮಾಡಿ, ಏಕೆಂದರೆ ಮೊದಲ ಹೆಜ್ಜೆ ಬಿಟ್ಟವರು ಉಳಿದದ್ದನ್ನೆಲ್ಲ ತಪ್ಪಾಗಿ ಓದುತ್ತಾರೆ.

ಮೊದಲು ನೀರು

ಮೀನು ಮೂಲೆ ಹಿಡಿದು ನಿಂತಿದೆ, ರೆಕ್ಕೆ ಮಡಚಿಕೊಂಡಿದೆ, ಮೇಲೆ ಬಂದು ಬಾಯಿ ಬಡಿಯುತ್ತಿದೆ. ಇದನ್ನು ನೋಡಿ "ಹೆದರಿಕೊಂಡಿದೆ" ಎನ್ನುತ್ತೇವೆ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷವಾದ ಅಮೋನಿಯಾ ಏರಿದಾಗಲೂ ಮೀನು ಹೀಗೇ ಇರುತ್ತದೆ. ಒಂದೇ ಮೀನು ಹಾಗಿದ್ದರೆ ಹೊಡೆತ ತಿನ್ನುತ್ತಿರಬಹುದು. ಆಸ್ಕರ್ ಸೇರಿ ಎಲ್ಲವೂ ಮಂಕಾಗಿದ್ದರೆ ದೋಷ ನೀರಿನಲ್ಲಿದೆ.

ಹನಿ ಹಾಕಿ ನೋಡುವ ಟೆಸ್ಟ್ ಕಿಟ್ ತನ್ನಿ. ನೀರಿಗೆ ಅದ್ದಿ ನೋಡುವ ಟೆಸ್ಟ್ ಪಟ್ಟಿಗಳನ್ನು ಅಷ್ಟಾಗಿ ನಂಬುವಂತಿಲ್ಲ. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 40 ಪಾಲು) ಒಳಗೆ ಇರಬೇಕು. ಅಮೋನಿಯಾ 0.5 ತೋರಿಸಿದರೂ ಬೇರೆ ವಿಚಾರಣೆ ನಿಲ್ಲಿಸಿ ಅರ್ಧ ನೀರು ಬದಲಿಸಿ. ಬೋರ್‌ವೆಲ್ ನೀರು ಬಳಸುವವರು ಪಿಎಚ್ ಕೂಡ ನೋಡಿಕೊಳ್ಳಿ. ಪಿಎಚ್ 7ರಿಂದ 8ಕ್ಕೆ ಏರಿದರೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿಯಾದ ಪಾಲು ಸುಮಾರು ಹತ್ತು ಪಟ್ಟಾಗುತ್ತದೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯದೆ ಹಾಕಬೇಡಿ: ಕ್ಲೋರಿನ್ ಕಿವಿರನ್ನು ಸುಡುತ್ತದೆ, ಜೊತೆಗೆ ಅಮೋನಿಯಾ ಕಳೆಯುವ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಹಾಗಾದಾಗ ಮೂರು ದಿನ ಬಿಟ್ಟು ಅಮೋನಿಯಾ ಏರಿ ಮೀನು ಸಾಯುತ್ತದೆ, ನೀರು ಬದಲಿಸಿದ್ದು ಅಷ್ಟರಲ್ಲಿ ಯಾರಿಗೂ ನೆನಪಿರುವುದಿಲ್ಲ.

ಉಷ್ಣತೆ 25ರಿಂದ 28 ಡಿಗ್ರಿ ಇರಲಿ. ಡಿಸೆಂಬರ್-ಜನವರಿಯ ಬೆಂಗಳೂರು, ಮಲೆನಾಡಿನ ರಾತ್ರಿಗಳಲ್ಲಿ ಹೀಟರ್ ಇಲ್ಲದ ಟ್ಯಾಂಕ್ 20ಕ್ಕಿಂತ ಕೆಳಗೆ ಇಳಿಯುವುದುಂಟು. ಚಳಿಯಲ್ಲಿ ಆಸ್ಕರ್ ಸುಮ್ಮನಾಗುತ್ತದೆ. ನೀರು ಬೆಚ್ಚಗಾದ ಕೂಡಲೇ ಚುರುಕಾಗಿ ಜಾಗ ಕಾಯಲು ಶುರು ಮಾಡುತ್ತದೆ. "ಇಷ್ಟು ದಿನ ಸುಮ್ಮನಿತ್ತು, ಬೇಸಿಗೆಯಲ್ಲಿ ಹುಚ್ಚೆದ್ದಿತು" ಎನ್ನುವ ದೂರಿಗೆ ಒಂದು ಕಾರಣ ಇದು.

ಗಾಯ ಎಲ್ಲಿದೆ?

ನೀರು ಸರಿಯಿದೆ ಎಂದು ಖಚಿತವಾದ ಮೇಲೆ ಏಟು ತಿಂದ ಮೀನನ್ನು ಸಣ್ಣ ಪಾರದರ್ಶಕ ಡಬ್ಬಿಗೆ ಬಿಟ್ಟು, ಬೆಳಕಿಗೆ ಹಿಡಿದು ಎರಡೂ ಬದಿ ನೋಡಿ. ಕೈಯಲ್ಲಿ ಹಿಡಿಯಬೇಡಿ, ಲೋಳೆ ಹೋಗುತ್ತದೆ. ಯಾವ ಮೀನು ಹೊಡೆದಿದೆ ಎನ್ನುವುದು ಗಾಯ ಇರುವ ಜಾಗದಿಂದಲೇ ಬಹುಪಾಲು ಗೊತ್ತಾಗುತ್ತದೆ.

ಬಾಲದ ರೆಕ್ಕೆ, ಹೊಟ್ಟೆ ಕೆಳಗಿನ ಹಿಂದಿನ ರೆಕ್ಕೆ ಹರಿದು ಗರಗಸದ ಹಲ್ಲಿನಂತಾಗಿದ್ದರೆ ಅಟ್ಟಿಸಿಕೊಂಡು ಹೋಗಿ ಹಿಂದಿನಿಂದ ಕಚ್ಚಿದ್ದು. ಹರಿದ ಅಂಚು ತಿಳಿಯಾಗಿರುತ್ತದೆ, ರೆಕ್ಕೆಯ ಕಡ್ಡಿಗಳು ಒಂದೊಂದಾಗಿ ಕಾಣುತ್ತವೆ. ಅದೇ ಅಂಚು ಹಾಲಿನಂತೆ ಬಿಳಿಯಾಗಿ ಅಥವಾ ಕೆಂಪಾಗಿ, ಸುತ್ತಲೂ ಸಮನಾಗಿ ಕರಗುತ್ತಾ ಬಂದಿದ್ದರೆ ಅದು ರೆಕ್ಕೆ ಕೊಳೆ ರೋಗ, ಕಚ್ಚಿದ್ದಲ್ಲ. ಮೊದಲನೆಯದಕ್ಕೆ ಮೀನು ಬೇರೆ ಮಾಡಬೇಕು, ಎರಡನೆಯದಕ್ಕೆ ಚಿಕಿತ್ಸೆ ಕೊಡಬೇಕು.

ಪಕ್ಕೆಯ ಮೇಲೆ ನಾಣ್ಯದಗಲದ ಜಾಗದಲ್ಲಿ ಲೋಳೆ ಹೋಗಿ, ಹುರುಪೆ ಎದ್ದು, ಚರ್ಮ ಮಂಕಾಗಿ ಕೆಂಪು ಚುಕ್ಕೆ ಮೂಡಿದೆಯೇ? ಇದು ಆಸ್ಕರ್ ಕೆಲಸವಲ್ಲ. "ಪಾಚಿ ತಿನ್ನುತ್ತದೆ, ಯಾರ ತಂಟೆಗೂ ಹೋಗಲ್ಲ" ಎಂದು ಅಂಗಡಿಯಲ್ಲಿ ಕೊಟ್ಟ ಸಕ್ಕರ್ ಮೀನು ರಾತ್ರಿ ಮಲಗಿದ ಮೀನಿನ ಪಕ್ಕೆಗೆ ಅಂಟಿ ಲೋಳೆ ಕೆರೆದು ತಿಂದಿದೆ. ಅಗಲ ಮೈಯ, ರಾತ್ರಿ ಅಲುಗಾಡದೆ ನಿಲ್ಲುವ ಮೀನುಗಳೇ ಇದಕ್ಕೆ ಸಿಕ್ಕುವುದು: ಆಸ್ಕರ್, ಸೆವೆರಮ್, ಸಿಲ್ವರ್ ಡಾಲರ್. ಆಸ್ಕರ್ ಮೈಮೇಲೇ ಈ ಗುರುತಿದ್ದರೆ ಇನ್ನು ಅನುಮಾನವೇ ಬೇಡ. ಸಕ್ಕರ್‌ಗೆ ಸಾಕಷ್ಟು ಆಹಾರ ಸಿಗದಿರುವುದೇ ಇದರ ಮೂಲ. ದೀಪ ಆರಿಸಿದ ಮೇಲೆ ತಳಕ್ಕೆ ಮುಳುಗುವ ಮಾತ್ರೆ ಆಹಾರ, ಬೇಯಿಸಿದ ಸೌತೆ ಅಥವಾ ಸೀಮೆ ಬದನೆಯ ಹೋಳು ಹಾಕಿ. ವಾರದಲ್ಲಿ ಹೊಸ ಗುರುತು ನಿಲ್ಲದಿದ್ದರೆ ಸಕ್ಕರ್ ತೆಗೆಯಿರಿ. ಒಮ್ಮೆ ರುಚಿ ಹತ್ತಿದ್ದು ಬಿಡುವುದು ಅಪರೂಪ.

ತುಟಿ ಸುಲಿದು ಬಿಳಿ ಎಳೆಗಳು ಜೋತುಬಿದ್ದಿದ್ದರೆ ಎರಡು ಸಿಚ್ಲಿಡ್‌ಗಳು ಬಾಯಿಗೆ ಬಾಯಿ ಕಚ್ಚಿ ಎಳೆದಾಡಿವೆ. ಬಲಾಬಲ ತೀರ್ಮಾನಿಸುವ ರೀತಿ ಅದು. ಗಾತ್ರ ಸಮವಿರುವ ಮೀನುಗಳಲ್ಲಿ ಸಹಜ. ಒಂದೆರಡು ದಿನದಲ್ಲಿ ಮುಗಿದು, ಸೋತದ್ದು ಊಟಕ್ಕೆ ಬರುತ್ತಿದ್ದರೆ ಬಿಟ್ಟುಬಿಡಿ. ತುಟಿಯ ಬಿಳುಪು ಹತ್ತಿಯಂತೆ ಹಬ್ಬುತ್ತಾ ಹೋದರೆ ಮಾತ್ರ ಗಾಯಕ್ಕೆ ಬ್ಯಾಕ್ಟೀರಿಯಾ ಸೋಂಕು ತಗುಲಿದೆ ಎಂದು ತಿಳಿಯಿರಿ. ಅದು ಒಂದೆರಡು ದಿನದಲ್ಲೇ ಮೀನನ್ನು ಕೊಲ್ಲಬಲ್ಲದು, ತಕ್ಷಣ ಬೇರೆ ಮಾಡಿ.

ಒಂದೇ ಕಣ್ಣು ಮಂಜಾಗಿದ್ದರೆ ಅಥವಾ ಉಬ್ಬಿದ್ದರೆ ಸಾಮಾನ್ಯವಾಗಿ ಏಟು ಬಿದ್ದಿದೆ. ಎರಡೂ ಕಣ್ಣು ಹಾಗಿದ್ದರೆ ನೀರಿನ ಅಥವಾ ಒಳಗಿನ ಸೋಂಕಿನ ಕಡೆ ನೋಡಿ. ತಲೆಯ ಮೇಲೆ ಸೂಜಿಮೊನೆಯಿಂದ ಚುಚ್ಚಿದಂತೆ ಗುಳಿಗಳಾಗಿ ಅವು ದಿನೇ ದಿನೇ ಅಗಲವಾಗುತ್ತಿದ್ದರೆ ಅದೂ ಕಡಿತವಲ್ಲ. ನೈಟ್ರೇಟ್ ತುಂಬಿದ ಹಳೆ ನೀರು ಮತ್ತು ಒಂದೇ ಬಗೆಯ ಆಹಾರದಲ್ಲಿ ಬೆಳೆದ ಆಸ್ಕರ್‌ಗೆ ಬರುವ ತಲೆ ತೂತು ರೋಗ. ಮೂತಿಯ ತುದಿ ಮಾತ್ರ ಸವೆದು ಕೆಂಪಾಗಿದ್ದರೆ ಮೀನು ಗಾಜಿಗೆ ಗುದ್ದಿಕೊಳ್ಳುತ್ತಿದೆ. "ಶಾರ್ಕ್" ಎಂದು ಮಾರುವ ಪಂಗಾಸಿಯಸ್ ಇದಕ್ಕೆ ಹೆಸರುವಾಸಿ. ದೀಪ ಹಾಕಿದರೂ ಬೆದರಿ ಓಡುತ್ತದೆ.

ಇನ್ನೊಂದು ಎಚ್ಚರಿಕೆ. ಬೆಳಿಗ್ಗೆ ಕಣ್ಣಿಲ್ಲದ, ಹೊಟ್ಟೆ ಬಗೆದ ಹೆಣ ಸಿಕ್ಕಿದರೆ "ಕೊಂದುಹಾಕಿದೆ" ಎಂದು ತೀರ್ಮಾನಿಸಬೇಡಿ. ಸತ್ತ ಮೀನಿನ ಮೆತ್ತಗಿನ ಭಾಗಗಳನ್ನೇ ಉಳಿದವು ಮೊದಲು ತಿನ್ನುವುದು. ಬಾಲದ ರೆಕ್ಕೆ ನೋಡಿ. ಅದು ಪೂರ್ತಿ ಇದ್ದು, ಕಣ್ಣು-ಹೊಟ್ಟೆ ಮಾತ್ರ ಹೋಗಿದ್ದರೆ ಮೀನು ಬೇರೆ ಕಾರಣಕ್ಕೆ ಸತ್ತು ಆಮೇಲೆ ತಿನ್ನಿಸಿಕೊಂಡಿರುವ ಸಾಧ್ಯತೆ ಹೆಚ್ಚು. ಮೈಮೇಲೆ ಗಾಯವೇ ಇಲ್ಲದೆ ಹೊಟ್ಟೆ ಒಳಸೇರಿ, ತಲೆ ಮಾತ್ರ ದೊಡ್ಡದಾಗಿ ಕಾಣುತ್ತಿದ್ದರೆ ಹಸಿವಿನಿಂದ ಸತ್ತಿದೆ. ಏಟು ಬಿದ್ದಿಲ್ಲ, ಊಟದ ಜಾಗಕ್ಕೇ ಬರಗೊಟ್ಟಿಲ್ಲ.

ಮೀನು ಕಾಣೆಯಾಗಿದ್ದರೆ

ಹೆಣವೂ ಇಲ್ಲ, ಮುಚ್ಚಳವೂ ಭದ್ರವಾಗಿದೆ ಎಂದರೆ ನುಂಗಿದೆ. ಮೊದಲು ಫಿಲ್ಟರಿನ ಹಿಂದೆ, ಟ್ಯಾಂಕಿನ ಸುತ್ತಲ ನೆಲದ ಮೇಲೆ ನೋಡಿ ಖಚಿತಪಡಿಸಿಕೊಳ್ಳಿ.

ಆಸ್ಕರ್ ಕಚ್ಚಿ ತಿನ್ನುವುದಿಲ್ಲ, ಬಾಯಿ ಮುಂದಕ್ಕೆ ಚಾಚಿ ನೀರಿನೊಂದಿಗೆ ಒಳಗೆಳೆದುಕೊಳ್ಳುತ್ತದೆ. ಆದ್ದರಿಂದ ಸುಮ್ಮನೆ ಈಜುವಾಗ ಕಾಣುವ ಬಾಯಿ ಲೆಕ್ಕಕ್ಕಿಲ್ಲ. ಅಳೆಯುವ ವಿಧಾನ ಹೀಗೆ: ಗಾಜಿನ ಹೊರಗೆ ಪ್ಲಾಸ್ಟಿಕ್ ಸ್ಕೇಲನ್ನು ನಿಲುವಾಗಿ ಅಂಟಿಸಿ, ಗಾಜಿಗೆ ತಾಗಿದಂತೆ ಅದರ ಮುಂದೆ ಆಹಾರದ ಕಾಳು ಬಿಡಿ, ಫೋನಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯಿರಿ. ಬಾಯಿ ಪೂರ್ತಿ ತೆರೆದ ಕ್ಷಣದಲ್ಲಿ ನಿಲ್ಲಿಸಿ ಎತ್ತರ ಓದಿಕೊಳ್ಳಿ. ಜೊತೆ ಮೀನಿನ ಮೈಯ ಎತ್ತರ, ಅಂದರೆ ಬೆನ್ನಿನಿಂದ ಹೊಟ್ಟೆಯವರೆಗಿನ ಅಳತೆ, ಇದಕ್ಕಿಂತ ಕನಿಷ್ಠ ಒಂದೂವರೆ ಪಟ್ಟು ಇರಬೇಕು. ಉದ್ದ ನೋಡಿ ಮೋಸ ಹೋಗಬೇಡಿ. ಆರು ಇಂಚು ಉದ್ದದ ತೆಳ್ಳನೆ ಮೀನು ಮಡಚಿಕೊಂಡು ಒಳಗೆ ಹೋಗುತ್ತದೆ, ನಾಲ್ಕು ಇಂಚಿನ ತಟ್ಟೆಯಂಥ ಸಿಲ್ವರ್ ಡಾಲರ್ ಹೋಗುವುದಿಲ್ಲ.

ಈ ಅಳತೆಯನ್ನು ತಿಂಗಳಿಗೊಮ್ಮೆ ಮತ್ತೆ ತೆಗೆಯಬೇಕು. ಎರಡಿಂಚಿನ ಆಸ್ಕರ್ ಮರಿ ಚೆನ್ನಾಗಿ ತಿಂದರೆ ಮೊದಲ ತಿಂಗಳುಗಳಲ್ಲಿ ತಿಂಗಳಿಗೆ ಸುಮಾರು ಒಂದು ಇಂಚು ಬೆಳೆಯುತ್ತದೆ, ವರ್ಷ ತುಂಬುವಾಗ ಎಂಟು-ಹತ್ತು ಇಂಚಾಗಿರುತ್ತದೆ. ಮರಿಗಳಾಗಿ ಒಟ್ಟಿಗೆ ಬೆಳೆದ ಏಂಜೆಲ್, ಗುರಾಮಿಗಳು ಆರನೇ ತಿಂಗಳಲ್ಲಿ ಒಂದೊಂದೇ ಮಾಯವಾಗುವುದು ಇದಕ್ಕೇ. ಜೊತೆಯಲ್ಲಿ ಬೆಳೆದದ್ದು ಎನ್ನುವ ನೆನಪು ಮೀನಿನ ಹೊಟ್ಟೆಗಿಲ್ಲ.

ನುಂಗುವುದರಲ್ಲಿ ಇನ್ನೊಂದು ಅಪಾಯ ಮುಳ್ಳಿನದು. ಪಿಕ್ಟಸ್, ಸಿನೊಡಾಂಟಿಸ್ ಎಂಬ ಕ್ಯಾಟ್‌ಫಿಶ್‌ಗಳು, ಎಳೆ ಸಕ್ಕರ್ ಇವೆಲ್ಲ ಹೆದರಿದಾಗ ಎದೆಯ ಮತ್ತು ಬೆನ್ನಿನ ಮುಳ್ಳನ್ನು ನಿಲ್ಲಿಸಿ ಬಿಗಿದುಕೊಳ್ಳುತ್ತವೆ. ಆಸ್ಕರ್ ಬಾಯಿಯಲ್ಲಿ ಅದು ಸಿಕ್ಕಿಕೊಂಡರೆ ಎರಡೂ ಸಾಯುವ ಸಾಧ್ಯತೆ ಇದೆ. ಬಾಯಿ ತೆರೆದೇ ಇದ್ದು, ಊಟ ಉಗುಳುತ್ತಿದ್ದರೆ ಒಳಗೆ ಟಾರ್ಚ್ ಹಾಕಿ ನೋಡಿ. ಸಿಕ್ಕಿದ ಮೀನನ್ನು ಬಾಲ ಹಿಡಿದು ಎಳೆಯಬೇಡಿ. ಮುಳ್ಳು ಹಿಂದಕ್ಕೆ ಬಾಗಿರುವುದರಿಂದ ಗಂಟಲು ಹರಿಯುತ್ತದೆ. ಮೀನಿನ ಚಿಕಿತ್ಸೆ ಗೊತ್ತಿರುವ ಪಶುವೈದ್ಯರು ಅರಿವಳಿಕೆ ಕೊಟ್ಟು ಮುಳ್ಳು ಕತ್ತರಿಸಿ ತೆಗೆಯಬಲ್ಲರು.

ಯಾವ ಹೊತ್ತಿಗೆ ಆಗುತ್ತಿದೆ?

ನೀವು ಎದುರು ನಿಂತಾಗ ಆಸ್ಕರ್ ಊಟ ಬೇಡುತ್ತಾ ನಿಮ್ಮನ್ನೇ ನೋಡುತ್ತಿರುತ್ತದೆ, ಜಗಳ ಕಾಣುವುದಿಲ್ಲ. ಫೋನನ್ನು ಸ್ಟ್ಯಾಂಡಿಗೆ ಹಾಕಿ ಮೂರು ಹೊತ್ತು ವಿಡಿಯೊ ಮಾಡಿ: ದೀಪ ಹತ್ತಿಸಿದ ಮೊದಲ ಹದಿನೈದು ನಿಮಿಷ, ಊಟ ಹಾಕಿದಾಗ, ದೀಪ ಆರಿಸಿದ ಮೇಲೆ ಮಂದ ಕೆಂಪು ಬೆಳಕಿನಲ್ಲಿ.

ಊಟದ ಹೊತ್ತಿನಲ್ಲಿ ಮಾತ್ರ ಅಟ್ಟಾಟ ಇದ್ದರೆ ಪರಿಹಾರ ಸುಲಭ. ಒಂದು ತುದಿಯಲ್ಲಿ ತೇಲುವ ದೊಡ್ಡ ಕಾಳು ಹಾಕಿ ಆಸ್ಕರ್ ಗಮನ ಹಿಡಿದಿಟ್ಟು, ಅದೇ ಕ್ಷಣ ಇನ್ನೊಂದು ತುದಿಯಲ್ಲಿ ಮುಳುಗುವ ಆಹಾರ ಹಾಕಿ. ದಿನವಿಡೀ ಒಂದೇ ಮೀನನ್ನು ಅಟ್ಟುತ್ತಿದ್ದರೆ ಜಾಗದ ಕೊರತೆ. ಒಂದು ಮೂಲೆಗೆ ಹೋದವರನ್ನು ಮಾತ್ರ ಅಟ್ಟುತ್ತಿದ್ದರೆ ಅಲ್ಲಿ ಚಪ್ಪಟೆ ಕಲ್ಲೊಂದು ಚೊಕ್ಕಟವಾಗಿ ಹೊಳೆಯುತ್ತಿದೆಯೇ ನೋಡಿ. ಜೋಡಿಯೊಂದು ಮೊಟ್ಟೆಗೆ ತಯಾರಾಗುತ್ತಿದೆ. ಕಾನ್‌ವಿಕ್ಟ್ ಎಂಬ ಸಣ್ಣ ಸಿಚ್ಲಿಡ್‌ನ ಜೋಡಿಯಾದರಂತೂ ನಾಲ್ಕಿಂಚಿನ ಮೀನು ಹನ್ನೊಂದು ಇಂಚಿನ ಆಸ್ಕರನ್ನು ಮೂಲೆಗೆ ಒತ್ತುತ್ತದೆ. ಕಲ್ಲು ತೆಗೆದರೆ ಕೆಲವು ದಿನದ ಮಟ್ಟಿಗೆ ತಣ್ಣಗಾಗುತ್ತದೆ. ಶಾಶ್ವತ ಪರಿಹಾರ ಜೋಡಿಯಲ್ಲಿ ಒಂದನ್ನು ಬೇರೆ ಮಾಡುವುದೇ.

ಟ್ಯಾಂಕಿನ ಲೆಕ್ಕ

ಇಲ್ಲಿ ರಿಯಾಯಿತಿ ಇಲ್ಲ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಅಂಚಿನವರೆಗೆ 255 ಲೀಟರ್. ಜಲ್ಲಿ, ಮೇಲಿನ ಖಾಲಿ ಜಾಗ ಕಳೆದರೆ 220. ಅದು ಒಂದೇ ಆಸ್ಕರ್‌ಗೆ ಸರಿ. ಜೊತೆ ಮೀನು ಬೇಕೆಂದರೆ ನಮ್ಮ ಸಲಹೆ 6×2×2 ಅಡಿ, ಅಂದರೆ ಸುಮಾರು 680 ಲೀಟರ್. ಎತ್ತರ ಹೆಚ್ಚಿಸಿದರೆ ಲೀಟರ್ ಏರುತ್ತದೆ, ಜಗಳ ಇಳಿಯುವುದಿಲ್ಲ. ಸೋತ ಮೀನು ಕಣ್ಣಳತೆಯಿಂದ ದೂರ ಹೋಗಬೇಕು, ಅದಕ್ಕೆ ಉದ್ದ ಮತ್ತು ಅಗಲ ಬೇಕು. ಅಗಲ ಒಂದೇ ಅಡಿ ಇರುವ ಟ್ಯಾಂಕಿನಲ್ಲಿ ಹತ್ತು ಇಂಚಿನ ಮೀನು ತಿರುಗಿಕೊಳ್ಳುವುದೇ ಕಷ್ಟ.

ಫಿಲ್ಟರ್ ಗಂಟೆಗೆ ಟ್ಯಾಂಕಿನ ನೀರನ್ನು ಆರು ಬಾರಿಯಾದರೂ ತಿರುಗಿಸಲಿ. 255 ಲೀಟರಿಗೆ ಗಂಟೆಗೆ 1500 ಲೀಟರ್ ಮೇಲಿನ ಪಂಪ್. ವಾರಕ್ಕೊಮ್ಮೆ ಶೇ 40ರಿಂದ 50 ನೀರು ಬದಲಿಸಿ. ಕರೆಂಟ್ ಹೋಗುವ ಊರಾದರೆ ಬ್ಯಾಟರಿ ಏರ್ ಪಂಪ್ ಇಲ್ಲದೆ ದೊಡ್ಡ ಮೀನುಗಳನ್ನು ಗುಂಪಾಗಿ ಇಡಬೇಡಿ.

ಯಾವುದು ಹೊಂದುತ್ತದೆ

ಆರು ಅಡಿ ಟ್ಯಾಂಕಿನಲ್ಲಿ ಒಂದು ಆಸ್ಕರ್ ಜೊತೆ ಚೆನ್ನಾಗಿ ನಡೆಯುವುದು ಆರು ಸಿಲ್ವರ್ ಡಾಲರ್‌ಗಳ ಗುಂಪು. ನಡುನೀರಿನಲ್ಲಿ ಚುರುಕಾಗಿ ಓಡಾಡುತ್ತವೆ, ಜಾಗಕ್ಕೆ ಜಗಳವಾಡುವುದಿಲ್ಲ, ಆಸ್ಕರ್‌ನ ಪುಕ್ಕಲುತನವನ್ನೂ ಕಡಿಮೆ ಮಾಡುತ್ತವೆ. ಒಂದೆರಡು ಮಾತ್ರ ಬಿಟ್ಟರೆ ಅವೇ ಬೆದರಿ ಸಾಯುತ್ತವೆ. ಇನ್ನೊಂದು ಒಳ್ಳೆಯ ಆಯ್ಕೆ ಸೆವೆರಮ್. ಆಸ್ಕರ್‌ನಂತೆ ದಕ್ಷಿಣ ಅಮೆರಿಕದ್ದೇ, ಅದರ ಸಂಬಂಧಿ, ಎಂಟು ಇಂಚು ಬೆಳೆಯುತ್ತದೆ, ಸ್ವಭಾವ ಮೆತ್ತಗೆ. ತಳಕ್ಕೆ ಬೈಕಿರ್ ಎಂಬ ಉದ್ದ ಮೈಯ ಮೀನು ಆಗಬಹುದು, ಆದರೆ ಹತ್ತು ಇಂಚು ದಾಟಿದ್ದನ್ನೇ ಬಿಡಿ, ಆಹಾರ ರಾತ್ರಿ ಹಾಕಿ. ಪ್ಯಾರಟ್ ಮೀನಿನ ವಿಷಯದಲ್ಲಿ ಎಚ್ಚರ. ಬಾಯಿ ಪೂರ್ತಿ ಮುಚ್ಚಲಾಗದ ಸಂಕರ ತಳಿಯಾದ್ದರಿಂದ ಅದಕ್ಕೆ ಕಚ್ಚಿ ತಿರುಗಿ ಕೊಡಲಾಗದು, ಆದರೂ ಕೆಣಕುವ ಬುದ್ಧಿ ಬಿಡುವುದಿಲ್ಲ.

ಎರಡು ಆಸ್ಕರ್ ಇಟ್ಟರೆ ಜೋಡಿಯಾಗುತ್ತವೆ ಎನ್ನುವ ನಂಬಿಕೆಯಿಂದ ತುಂಬಾ ಮೀನು ಹಾಳಾಗಿವೆ. ಗಂಡು-ಹೆಣ್ಣು ಹೊರನೋಟಕ್ಕೆ ತಿಳಿಯುವುದಿಲ್ಲ. ಜೋಡಿಯಾಗದ ಎರಡರಲ್ಲಿ ಒಂದು ಯಜಮಾನ, ಇನ್ನೊಂದು ದಿನವಿಡೀ ಮೂಲೆಯಲ್ಲಿ.

ಬೇಡವೇ ಬೇಡ ಎನ್ನುವವು: ಗೋಲ್ಡ್‌ಫಿಶ್, ಏಕೆಂದರೆ ಅದು ತಂಪು ನೀರಿನದು, ನುಂಗಲ್ಪಡುತ್ತದೆ, ಅದರ ಮಾಂಸದಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ಆಸ್ಕರ್‌ನ ಬಿ1 ವಿಟಮಿನ್ ಕೆಡಿಸುತ್ತದೆ. ಮಲಾವಿ ಸರೋವರದ ಆಫ್ರಿಕನ್ ಸಿಚ್ಲಿಡ್‌ಗಳು, ಅವುಗಳ ಚುರುಕಿಗೆ ಆಸ್ಕರ್ ಸೋಲುತ್ತದೆ, ಆಹಾರವೂ ಬೇರೆ. ರೆಡ್‌ಟೇಲ್ ಕ್ಯಾಟ್‌ಫಿಶ್, ಮೂರಿಂಚಿನ ಮುದ್ದು ಮರಿಯಾಗಿ ಬಂದು ಮೂರಡಿ ದಾಟುತ್ತದೆ, ದಾರಿಯಲ್ಲಿ ಆಸ್ಕರನ್ನೂ ನುಂಗುತ್ತದೆ. "ಪಿರಾನ್ಹಾ" ಎಂದು ಮಾರುವ ಪಾಕು ನಿಜಕ್ಕೂ ಮೀನು ಮಾರುಕಟ್ಟೆಯ ರೂಪ್‌ಚಂದ್. ಕಾಯಿ-ಬೀಜ ತಿನ್ನುವ ಸಾಧು, ಆದರೆ ಮನೆಯ ಟ್ಯಾಂಕಿನ ಗಾತ್ರಕ್ಕೆ ನಿಲ್ಲುವುದಿಲ್ಲ.

ಜಗಳಗಂಟ ಫ್ಲವರ್‌ಹಾರ್ನ್ ಮೀನು ಸಾಕುವವರಿಗೆ ಉತ್ತರ ಒಂದೇ ಸಾಲಿನಲ್ಲಿ: ಒಂದು ಟ್ಯಾಂಕ್, ಒಂದು ಮೀನು. ಅರೋವಾನಾಗೆ ಜೊತೆ ಹುಡುಕುವವರು ಬಾಯಿ ಮೇಲ್ಮುಖವಾಗಿರುವುದನ್ನು ಗಮನಿಸಿ ನಡುನೀರು, ತಳದ ಅಗಲ ಮೀನು ಆರಿಸಲಿ, ಮುಚ್ಚಳದ ಮೇಲೆ ಭಾರ ಇಡಲಿ. ಬೆದರಿದ ಅರೋವಾನಾ ಸಾದಾ ಮುಚ್ಚಳವನ್ನು ಎತ್ತಿಕೊಂಡೇ ಹಾರುತ್ತದೆ.

ಹೊಸ ಮೀನು ಸೇರಿಸುವ ಕ್ರಮ

ಬೇರೆ ಟ್ಯಾಂಕಿನಲ್ಲಿ ನಾಲ್ಕು ವಾರ ಇಟ್ಟು ರೋಗವಿಲ್ಲವೆಂದು ನೋಡಿ. ಆಮೇಲೆ ಮುಖ್ಯ ಟ್ಯಾಂಕನ್ನು ನಡುವೆ ತಡೆಯಿಟ್ಟು ಎರಡು ಮಾಡಿ. ಫಾಲ್ಸ್ ಸೀಲಿಂಗ್ ದೀಪಕ್ಕೆ ಹಾಕುವ ಚೌಕುಳಿ ಪ್ಲಾಸ್ಟಿಕ್ ಜಾಲರಿ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ನೀರು ಹರಿಯುತ್ತದೆ, ಒಂದನ್ನೊಂದು ನೋಡುತ್ತವೆ, ಮುಟ್ಟಲಾಗುವುದಿಲ್ಲ. ಎರಡೂ ಬದಿಗೆ ಕಲ್ಲು ಒತ್ತಿ ನಿಲ್ಲಿಸಿ, ಕೆಳಗೆ ಸಂದು ಬಿಡಬೇಡಿ. ಆಸ್ಕರ್ ಜಲ್ಲಿ ಅಗೆದು ತಡೆಯನ್ನೇ ಬೀಳಿಸುತ್ತದೆ. ಏಳರಿಂದ ಹತ್ತು ದಿನ ಹೀಗಿರಲಿ.

ತಡೆ ತೆಗೆಯುವ ದಿನ ಆಸ್ಕರ್‌ಗೆ ಹೊಟ್ಟೆ ತುಂಬ ತಿನ್ನಿಸಿ, ಕಲ್ಲು-ಮರದ ತುಂಡುಗಳ ಜಾಗವನ್ನೆಲ್ಲ ಬದಲಿಸಿ, ಅರ್ಧ ನೀರು ಬದಲಿಸಿ, ಸಂಜೆ ದೀಪ ಆರಿಸಿದ ಮೇಲೆ ತಡೆ ತೆಗೆಯಿರಿ. ಪರಿಚಯದ ಗುರುತುಗಳು ಬದಲಾದರೆ ಆಸ್ಕರ್‌ಗೂ ಅದು ಹೊಸ ಮನೆ, ಕಾಯಲು ಹಳೆ ಗಡಿ ಇರುವುದಿಲ್ಲ. ಮರುದಿನ ಬಾಯಿ ಕಚ್ಚಾಟ, ಕಿವಿರು ಅರಳಿಸುವುದು, ಬಾಲದಿಂದ ನೀರು ಬೀಸುವುದು ಇದ್ದರೆ ಗಾಬರಿ ಬೇಡ. ಸೋತ ಮೀನು ಮೂಲೆಯಿಂದ ಹೊರಬರದೆ, ಮೈ ಕಪ್ಪಾಗಿ, ಎರಡು ದಿನ ಊಟ ಮುಟ್ಟದಿದ್ದರೆ ತಡೆ ಮತ್ತೆ ಹಾಕಿ. ಎರಡನೇ ಸಲ ಕ್ರಮ ತಿರುಗಿಸಿ: ಆಸ್ಕರನ್ನೇ ಮೂರು ದಿನ ಹೊರಗಿಟ್ಟು, ಹೊಸ ಮೀನಿಗೆ ಟ್ಯಾಂಕ್ ರೂಢಿಯಾದ ಮೇಲೆ ಅದನ್ನು ಒಳಗೆ ಬಿಡಿ.

ಗಾಯಗೊಂಡದ್ದಕ್ಕೆ 2×1×1 ಅಡಿಯ ಆಸ್ಪತ್ರೆ ಟ್ಯಾಂಕ್ ಸಾಕು, ಸುಮಾರು 50 ಲೀಟರ್ ನೀರು. ಅಯೋಡಿನ್ ಇಲ್ಲದ ಕಲ್ಲುಪ್ಪು 100 ಗ್ರಾಂ ಅನ್ನು ಮೂರು ಪಾಲು ಮಾಡಿ, ನೀರಿನಲ್ಲಿ ಕರಗಿಸಿ, ಒಂದು ದಿನದ ಅವಧಿಯಲ್ಲಿ ಹಾಕಿ. ಓಡುತ್ತಿರುವ ಫಿಲ್ಟರಿನ ಒಂದು ಸ್ಪಾಂಜನ್ನು ಅಲ್ಲಿಗೆ ಹಾಕಿದರೆ ಅಮೋನಿಯಾ ಏರುವುದಿಲ್ಲ.

ಎರಡು ಸಲವೂ ಆಗದಿದ್ದರೆ

ಆ ಆಸ್ಕರ್ ಒಂಟಿಯಾಗಿಯೇ ಇರಲಿ. ಒಂಟಿ ಆಸ್ಕರ್ ಸೊರಗುವುದಿಲ್ಲ. ಮನೆಯವರ ಮುಖ ಗುರುತಿಸಿ ಗಾಜಿನ ಬಳಿ ಬರುವಂಥ ಮೀನು ಅದು. ಹೊರಡಬೇಕಾದ ಜೊತೆ ಮೀನನ್ನು ಅಂಗಡಿಗೆ ಅಥವಾ ಬೇರೆ ಸಾಕುವವರಿಗೆ ಕೊಡಿ. ಕೆರೆಗೆ, ಹೊಳೆಗೆ ಖಂಡಿತ ಬಿಡಬೇಡಿ. ಹಾಗೆ ಬಿಟ್ಟ ಸಕ್ಕರ್‌ಗಳು ದಕ್ಷಿಣ ಭಾರತದ ಹಲವು ನೀರುಗಳಲ್ಲಿ ತಳವೂರಿ, ದಡ ಕೊರೆದು, ಬಲೆ ಹರಿದು ಮೀನುಗಾರರ ಹೊಟ್ಟೆಗೆ ಹೊಡೆಯುತ್ತಿವೆ. ಸಾಗಿಸುವ ಮುನ್ನ ಮೀನಿಗೆ ಒಂದು ದಿನ ಊಟ ನಿಲ್ಲಿಸಿ. ಇಲ್ಲದಿದ್ದರೆ ಚೀಲದ ನೀರನ್ನು ಅದೇ ಕೆಡಿಸಿಕೊಳ್ಳುತ್ತದೆ. ದಪ್ಪ ಪಾಲಿಥಿನ್ ಚೀಲ ಎರಡು ಪದರ ಹಾಕಿ, ಮೂರನೇ ಒಂದು ಪಾಲು ನೀರು, ಉಳಿದದ್ದು ಗಾಳಿ. ಮುಳ್ಳಿರುವ ಮೀನಾದರೆ ಚೀಲ ಬಿಟ್ಟು ಮುಚ್ಚಳವಿರುವ ಬಕೆಟ್ ಬಳಸಿ, ಮುಚ್ಚಳದಲ್ಲಿ ನಾಲ್ಕು ತೂತು ಕೊರೆದುಕೊಳ್ಳಿ.